ಭಾವನ ಕರೆಂಟು ಪಂಪು, ಅಕ್ಕನ ಹುಳದ ಮನೆ

ಹೋದ ವಾರ ಮರಳವಾಡಿಯಲ್ಲಿ, ನಮ್ಮ ಭಾವನ ಕಾರನ್ನು ಎಳೆದುಕೊಂಡು ಹೋಗಲು ಗುಜರಿಯವರು ಬಂದಿದ್ದರು. ಹಗ್ಗ ಬಿಗಿಯುವ ಮೊದಲು, ಒಳಗೇನಾದರೂ ಸಾಮಾನು ಇದ್ದರೆ ತೆಗೆದುಕೊಳ್ಳಿ ಎಂದರು. ಅಕ್ಕನ ಮಗಳು ಡ್ರೈವರ್ ಪಕ್ಕದ ಗೂಡಿಗೆ ಕೈ ಹಾಕಿದಳು. ಕಲ್ಲಾಗಿ ಒಣಗಿದ್ದ ಒಂದು ನಿಂಬೆಹಣ್ಣು, ತುಕ್ಕು ಹಿಡಿದ ಸ್ಪ್ಯಾನರ್, ಎಣ್ಣೆ ಕುಡಿದು ಕಪ್ಪಾದ ಕಾಗದದ ಪೊಟ್ಟಣ. ಪೊಟ್ಟಣ ಬಿಚ್ಚಿದರೆ ಎರಡು ಕ್ಲಿಪ್ಪು. ರಬ್ಬರ್ ಪೈಪಿನ ಸುತ್ತ ಹಾಕಿ ಸ್ಕ್ರೂ ಬಿಗಿಯುತ್ತಾರಲ್ಲ, ಆ ಉಂಗುರದಂಥವು. ಒಂದು ಸಲವೂ ಹಾಕಿದ್ದಲ್ಲ, ಹೊಸದಾಗೇ ಇದ್ದವು. ಕಾಗದವನ್ನು ಮೂಗಿನ ಹತ್ತಿರ ತಂದೆ. ಪೆಟ್ರೋಲಿನ ವಾಸನೆ... ನಿಜವಾಗಿ ಇತ್ತೋ ಇಲ್ಲವೋ, ನನಗಂತೂ ಬಂತು.

ಇದೇನು ಚಿಕ್ಕವ್ವ ಎಂದು ಅಕ್ಕನ ಮಗಳು ಕೇಳಿದಳು. ನಿಮ್ಮಪ್ಪನ ಬುದ್ಧಿ ಎಂದೆ. ಭಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಸತ್ತವರನ್ನು ಹಾಗೆಲ್ಲ ಅನ್ನಬಾರದು ಎಂದು ಯಾರಾದರೂ ಹೇಳಬಹುದು. ಹೇಳಲಿ. ಬದುಕಿದ್ದಾಗ ಮುಖಕ್ಕೇ ಹೇಳಿದ್ದೇನೆ, ಈಗೇನು ಹೊಸದಲ್ಲ.

ಭಾವನನ್ನು ನಾನು ಬಹುವಚನದಲ್ಲೇ ಬರೆಯುತ್ತೇನೆ. ಅದು ಅಕ್ಕನ ಮುಖ ನೋಡಿ ಕೊಡುವ ಮರ್ಯಾದೆ. ಅವರಿಗೆ ಗೊತ್ತಿಲ್ಲದ ವಿಷಯವೇ ಪ್ರಪಂಚದಲ್ಲಿ ಇರಲಿಲ್ಲ. ಕಾಂಪೌಂಡರಿಗೆ ಇಂಜೆಕ್ಷನ್ ಚುಚ್ಚುವುದು ಹೇಗೆಂದು ಹೇಳುವರು, ಗಾರೆಯವನ ಕೈಯಿಂದ ಕರಣೆ ಕಿತ್ತುಕೊಂಡು ಗೋಡೆ ಮೆತ್ತಿ ತೋರಿಸುವರು. ಕೋಳಿ ಸಾಕಿದರು, ರೋಗ ಬಂತು, ತಪ್ಪು ಕೋಳಿಯದು. ಹಿಟ್ಟಿನ ಗಿರಣಿ ಹಾಕಿದರು, ಕಲ್ಲು ಸೀಳಿತು, ತಪ್ಪು ಕಲ್ಲಿನದು. ಇಷ್ಟೆಲ್ಲ ಆದ ಮೇಲೂ ಆ ಮನೆಯಲ್ಲಿ ಹೊತ್ತು ಹೊತ್ತಿಗೆ ಮುದ್ದೆ ಬೇಯುತ್ತಿದ್ದುದು ಅಕ್ಕ ಸಾಕುತ್ತಿದ್ದ ರೇಷ್ಮೆ ಹುಳುಗಳಿಂದ. ಅದನ್ನು ಮಾತ್ರ ಭಾವ ಕಸುಬು ಎಂದು ಒಪ್ಪುತ್ತಿರಲಿಲ್ಲ. ಹೆಂಗಸರು ಹೊತ್ತು ಹೋಗದೆ ಮಾಡುವ ಕೆಲಸ ಅನ್ನುತ್ತಿದ್ದರು.

ಅಕ್ಕನ ಹುಳದ ಮನೆ ಹಿತ್ತಿಲ ಕಡೆ ಇತ್ತು. ಉದ್ದನೆಯ ಹೆಂಚಿನ ಮನೆ, ಗೋಡೆಯ ಮೇಲೂ ಕೆಳಗೂ ಗಾಳಿ ಕಿಂಡಿ, ಒಳಗೆ ತಟ್ಟೆ ಜೋಡಿಸುವ ಬಿದಿರಿನ ಅಟ್ಟಣೆ. ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ಮೈ ತಂಪಾಗುತ್ತಿತ್ತು. ಆದರೆ ಸುಮ್ಮನೆ ಕಾಲಿಡುವ ಹಾಗಿರಲಿಲ್ಲ. ಬಾಗಿಲಲ್ಲಿ ಒಂದು ಬಕೆಟ್ ನೀರು, ಪಕ್ಕದಲ್ಲಿ ಸುಣ್ಣದ ಪುಡಿ ಹರಡಿದ ಗೋಣಿತಾಟು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸುಣ್ಣ ತುಳಿದು ಒಳಗೆ ಹೋಗಬೇಕು. ಹುಳುವಿಗೆ ಬೀಡಿ ಹೊಗೆ ಆಗದು, ಹೊಗೆಸೊಪ್ಪು ಮುಟ್ಟಿದ ಕೈ ಆಗದು, ಅತ್ತರು ಆಗದು. ನಾನಾಗ ಕನಕಪುರಕ್ಕೆ ಟೈಪಿಂಗ್ ಕಲಿಯಲು ಹೋಗುತ್ತಾ ಅಕ್ಕನ ಮನೆಯಲ್ಲಿದ್ದೆ. ಮುಖಕ್ಕೆ ಪೌಡರ್ ಹಚ್ಚಿಕೊಂಡು ಬಂದ ದಿನ ಅಕ್ಕ ಹಟ್ಟಿ ಬಾಗಿಲಿನಿಂದಲೇ ಮೂಗು ಅರಳಿಸಿ, ತೊಳ್ಕೊಂಡ್ ಬಾ ಅನ್ನುತ್ತಿದ್ದಳು. ಅಂಥ ಮೂಗು ಅವಳದು. ಬಸ್‌ಸ್ಟ್ಯಾಂಡಿನಲ್ಲಿ ಯಾರ ಪಕ್ಕ ಕೂತು ಬಂದೆ ಎಂಬುದನ್ನೂ ಹೇಳಿಬಿಡುತ್ತಿದ್ದಳು.

ಆ ಮನೆಯೊಳಗೆ ಅಕ್ಕ ಬೇರೆಯವಳೇ ಆಗುತ್ತಿದ್ದಳು. ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಮಾತು ಕೇಳಿಸಿಕೊಳ್ಳುವವಳು, ಅಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಭಾವನನ್ನೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದಳು. ಕಾಲು ತೊಳೆಯುವುದು ಅವರಿಗೆ ಅವಮಾನ. ನನ್ನ ಮನೆಗೆ ನಾನು ಕಾಲು ತೊಳೆದು ಬರಬೇಕಾ ಎಂದು ಗೊಣಗುತ್ತಾ ಹೊರಗೇ ನಿಲ್ಲುತ್ತಿದ್ದರು.

ಇಂಥ ನಮ್ಮ ಭಾವ ಒಂದು ಬೇಸಿಗೆಯಲ್ಲಿ ಕಾರು ಕೊಂಡರು. ಚನ್ನಪಟ್ಟಣದ ಮರದ ವ್ಯಾಪಾರಿಯೊಬ್ಬರು ಓಡಿಸಿ ಓಡಿಸಿ ಸಾಕಾಗಿ ಬಿಟ್ಟಿದ್ದ ಹಳೇ ಅಂಬಾಸಿಡರ್. ರೇಷ್ಮೆ ಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೋಗುವ ರೈತರನ್ನು ಬಾಡಿಗೆಗೆ ಕರೆದೊಯ್ಯುವುದು ಅವರ ಯೋಜನೆ. ಕಾರು ಬೆಳಗಿನ ತಂಪಿನಲ್ಲಿ ಚೆನ್ನಾಗೇ ಹೋಗುತ್ತಿತ್ತು. ಬಿಸಿಲು ಏರಿತೆಂದರೆ ಎಲ್ಲಿ ಏರು ಬಂತೋ ಅಲ್ಲಿ ನಿಂತುಬಿಡುತ್ತಿತ್ತು. ಪೆಟ್ರೋಲ್ ಎಳೆಯುವ ಪಂಪು ಇಂಜಿನ್ನಿನ ಮೈಗೆ ಅಂಟಿಕೊಂಡಿತ್ತು. ಇಂಜಿನ್ ಕಾದರೆ ಅದೂ ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ಕಾರ್ಬ್ಯುರೇಟರಿಗೆ ಹನಿಯೂ ಹೋಗುತ್ತಿರಲಿಲ್ಲ. ಆಗಿನ ಡ್ರೈವರುಗಳಿಗೆಲ್ಲ ಇದರ ಮದ್ದು ಗೊತ್ತಿತ್ತು. ಒದ್ದೆ ಬಟ್ಟೆ ಪಂಪಿನ ಮೇಲೆ ಹಾಕಿ, ಅದು ತಣ್ಣಗಾಗುವವರೆಗೆ ಮರದ ಕೆಳಗೆ ಕೂರುವುದು. ಭಾವ ಅದಕ್ಕೆಂದು ಅಕ್ಕ ಹುಳುವಿನ ಹಿಪ್ಪುನೇರಳೆ ಸೊಪ್ಪಿಗೆ ಹೊದಿಸುತ್ತಿದ್ದ ಬಟ್ಟೆಗಳನ್ನೇ ಒಂದೊಂದಾಗಿ ಎತ್ತಿಕೊಂಡು ಹೋದರು. ಗೂಡಿನ ಮೂಟೆ ಹೊತ್ತ ರೈತರು ದಾರಿಯಲ್ಲಿ ಇಳಿದು, ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ ಹೋಗುತ್ತಿದ್ದರು. ಹೋಗುವಾಗ ನಕ್ಕೂ ಹೋಗುತ್ತಿದ್ದರು.

ತಪ್ಪು ತಮ್ಮ ಕಾರಿನದೆಂದು ಭಾವ ಒಪ್ಪುವರೇ. ಕಾರು ಹಗಲೆಲ್ಲ ಬಿಸಿಲಲ್ಲಿ ನಿಲ್ಲುವುದರಿಂದ ಹೀಗಾಗುತ್ತಿದೆ, ನೆರಳಿನಲ್ಲಿ ನಿಲ್ಲಿಸಿದರೆ ಸರಿಹೋಗುತ್ತದೆ ಎಂದು ತೀರ್ಪು ಕೊಟ್ಟರು. ಊರಿನಲ್ಲಿ ಕಾರು ಹಿಡಿಸುವಷ್ಟು ದೊಡ್ಡದಾದ ತಂಪಾದ ಜಾಗ ಒಂದೇ ಇತ್ತು. ಅದು ಅಕ್ಕನ ಹುಳದ ಮನೆ. ಬಾಗಿಲ ಗೋಡೆ ಸ್ವಲ್ಪ ಒಡೆದರೆ ಕಾರು ಒಳಗೆ ಹೋಗುತ್ತದೆ ಎಂದು ದಾರ ಹಿಡಿದು ಅಳತೆಯನ್ನೂ ಮಾಡಿದರು. ಅಕ್ಕ ಅವತ್ತು ಊಟ ಮಾಡಲಿಲ್ಲ.

ಮುಂದಿನ ಸಲ ಗೂಡು ಮಾರಲು ರಾಮನಗರಕ್ಕೆ ಹೋದಾಗ ಅಕ್ಕ ಮಾರ್ಕೆಟ್ಟಿನ ಮುಂದೆ ನಿಂತಿದ್ದ ಬಾಡಿಗೆ ಕಾರಿನವರನ್ನೆಲ್ಲ ವಿಚಾರಿಸಿದಳಂತೆ. ಒಬ್ಬ ಡ್ರೈವರು, ಇಂಜಿನ್ ಹತ್ತಿರದ ಪಂಪು ಕಿತ್ತುಹಾಕಿ ಹಿಂದೆ ಟ್ಯಾಂಕಿನ ಪಕ್ಕ ಕರೆಂಟಿನ ಪಂಪು ಕೂರಿಸಿಕೊಂಡಿದ್ದೇನೆ, ಅದು ಬ್ಯಾಟರಿಯಲ್ಲಿ ಓಡುತ್ತದೆ, ಬಿಸಿ ತಾಗುವುದಿಲ್ಲ, ಯಾವ ಬಿಸಿಲಲ್ಲೂ ನಿಲ್ಲುವುದಿಲ್ಲ ಎಂದನಂತೆ. ಅಕ್ಕ ಬಂದು ಭಾವನಿಗೆ ಹೇಳಿದಳು. ಹೆಂಗಸರು ಇಂಜಿನ್ ವಿಷಯ ಮಾತಾಡುವ ಕಾಲ ಬಂತಾ ಎಂದು ಭಾವ ನಕ್ಕರು. ಸ್ವಲ್ಪ ದಿನ ಬಿಟ್ಟು, ಊಟದ ತಟ್ಟೆಯ ಮುಂದೆ ಕೂತು, ತಮಗೊಂದು ಉಪಾಯ ಹೊಳೆದಿದೆ ಎಂದು ಅದನ್ನೇ ನಮಗೆ ವಿವರಿಸಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ನನ್ನ ತೊಡೆ ಚಿವುಟಿದಳು. ಅವಳಿಗೆ ಉಪಾಯ ಯಾರದಾದರೇನು, ಹುಳದ ಮನೆ ಉಳಿದರೆ ಸಾಕು.

ಆದರೂ ಅವಳು ಮಾತು ತೆಗೆದುಕೊಳ್ಳದೆ ಬಿಡಲಿಲ್ಲ. ಪಂಪು ಹಾಕಿದ ಮೇಲೆ ಕಾರು ನಿಲ್ಲದಿದ್ದರೆ ಹುಳದ ಮನೆಯ ತಂಟೆಗೆ ಬರಬಾರದು ಎಂದಳು. ಭಾವ ಮೀಸೆ ಸವರಿಕೊಂಡು, ಆಯ್ತು ಬುಡು ಎಂದರು.

ರಾಮನಗರದ ಹಳೇ ಸಾಮಾನಿನ ಅಂಗಡಿಯೊಂದರಿಂದ ಪಂಪು ಬಂತು. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಎರಡು ಕಡೆ ಪೈಪಿನ ಬಾಯಿ. ಅಂಗಡಿಯವರು ಅದರ ಜೊತೆಗೆ ಎರಡು ಕ್ಲಿಪ್ಪನ್ನು ಕಾಗದದಲ್ಲಿ ಕಟ್ಟಿ ಕೊಟ್ಟಿದ್ದರು. ಕಾರಿನ ತಳದಲ್ಲಿ, ಹೊರಗಡೆಗೆ ಕೂರಿಸಿ ಎಂದೂ ಹೇಳಿ ಕಳಿಸಿದ್ದರಂತೆ. ಭಾವ ಅದನ್ನು ನಮ್ಮ ಮುಂದೆ ಹೇಳಿದ್ದು ಅವರನ್ನು ಆಡಿಕೊಳ್ಳುವುದಕ್ಕೆ. ತಳದಲ್ಲಿ ಹಾಕಿದರೆ ಧೂಳು ಕುಡಿಯುವುದಿಲ್ಲವೇ, ಅಷ್ಟೂ ತಿಳಿಯದವರು ಅಂಗಡಿ ಇಟ್ಟಿದ್ದಾರೆ ಎಂದರು. ತಾವು ಡಿಕ್ಕಿಯ ಒಳಗೆ, ಹಿಂದಿನ ಸೀಟಿನ ಬೆನ್ನಿಗೆ ಕೂರಿಸಿದರು. ನಿಜವಾದ ಕಾರಣ ಧೂಳಲ್ಲ. ಪಂಪು ಓಡುವಾಗ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು, ಆ ಸದ್ದು ಕಾರಿನಲ್ಲಿ ಕೂತವರಿಗೆಲ್ಲ ಕೇಳಬೇಕಿತ್ತು.

ಕ್ಲಿಪ್ಪನ್ನೂ ಹಾಕಲಿಲ್ಲ. ಸ್ಕ್ರೂ ಬಿಗಿದರೆ ರಬ್ಬರು ಕತ್ತರಿಸುತ್ತದೆ ಎಂಬುದು ಅವರ ಸಂಶೋಧನೆ. ಅಕ್ಕನ ಹತ್ತಿರ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯವರು ಕೊಟ್ಟಿದ್ದ ರೇಷ್ಮೆ ದಾರದ ಲಡಿಯೊಂದಿತ್ತು, ಅದನ್ನು ಹೊಸೆದು ಪೈಪಿನ ಸುತ್ತ ಬಿಗಿಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಉಕ್ಕಿನ ತಂತಿ ಕಿತ್ತರೂ ರೇಷ್ಮೆ ಕೀಳುವುದಿಲ್ಲ ಎಂದು ನನಗೆ ಎಳೆದು ತೋರಿಸಿದರು. ನಿಜವೇ, ದಾರ ಕೀಳಲಿಲ್ಲ. ಹಳೇ ಪಂಪು ಮುಂದೆ ಕೂತು ಪೈಪಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು, ಈ ಪಂಪು ಹಿಂದೆ ಕೂತು ತಳ್ಳುತ್ತದೆ. ಎಳೆಯುವಾಗ ಸೋರದ ಗಂಟು ತಳ್ಳುವಾಗ ಸೋರುತ್ತದೆ ಎಂಬಷ್ಟು ಯೋಚನೆ ಅವರ ತಲೆಗೆ ಬರಲಿಲ್ಲ. ಹಳೇ ಪಂಪು ತೆಗೆದ ತೂತಿಗೆ ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ, ಕೆಳಗೆ ಕ್ಯಾಲೆಂಡರಿನ ರಟ್ಟು ಇಟ್ಟು ಮುಚ್ಚಿದರು. ಕರೆಂಟಿಗೆ ವೈಪರಿನ ವೈರನ್ನೇ ಕಿತ್ತು ಹಿಂದಕ್ಕೆ ಎಳೆದರು. ಅಲ್ಲಿಂದ ಮುಂದೆ ವೈಪರ್ ಸ್ವಿಚ್ಚು ಹಾಕಿದರೆ ಪಂಪು ಓಡುವುದು, ಮಳೆ ಬಂದರೆ ಕೈಯಿಂದ ಗಾಜು ಒರೆಸಿಕೊಳ್ಳುವುದು.

ಕರೆಂಟು ಪಂಪು ಎಂದಾಗ ಊರಿನವರು ಬೋರ್‌ವೆಲ್ಲಿಗೆ ಹಾಕುವುದೆಂದು ತಿಳಿದು ನೋಡಲು ಬಂದರು. ಭಾವ ಸ್ವಿಚ್ಚು ಒತ್ತಿದರು. ಮೊದಲು ಜೋರಾಗಿ ಟಿಕ್ ಟಿಕ್ ಎಂದು, ಕಾರ್ಬ್ಯುರೇಟರ್ ತುಂಬಿದ ಮೇಲೆ ನಿಧಾನವಾಗಿ ಆಗೊಂದು ಈಗೊಂದು ಟಿಕ್ ಎನ್ನುತ್ತಿತ್ತು. ಭಾವ ಒಂದು ಬಡಾಯಿ ಕೊಚ್ಚುವುದು, ಅದು ಗೋಡೆಯ ಹಲ್ಲಿಯ ಹಾಗೆ ಲೊಚಗುಟ್ಟಿ ಹೌದೆನ್ನುವುದು. ನನಗೆ ನಗು ತಡೆಯಲಾಗದೆ ಒಳಗೆ ಹೋದೆ. ಸತ್ಯ ಹೇಳಬೇಕೆಂದರೆ ಆ ಪಂಪು ಕೆಲಸ ಮಾಡಿತು. ಅಂದಿನಿಂದ ಆ ಕಾರು ಬಿಸಿಲಿಗೆ ಒಂದು ದಿನವೂ ನಿಲ್ಲಲಿಲ್ಲ.

ಆ ವಾರವೇ ಅಕ್ಕನಿಗೆ ಚಾಕಿ ತರುವುದಿತ್ತು. ಚಾಕಿಯೆಂದರೆ ಮೊಟ್ಟೆಯೊಡೆದು ಎರಡು ಜ್ವರ ಎದ್ದ ಎಳೆಯ ಹುಳು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕನಕಪುರದ ಹತ್ತಿರ ಅಂಥ ಹುಳು ಸಾಕಿ ಕೊಡುವವರೊಬ್ಬರಿದ್ದರು. ಅಕ್ಕ ಯಾವಾಗಲೂ ಮೊದಲ ಬಸ್ಸಿಗೆ ಹೋಗಿ, ತಂಪು ಇರುವಾಗಲೇ ತಟ್ಟೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ಈ ಸಲ ಭಾವ ಬಿಡಲಿಲ್ಲ. ದಾರಿಯಲ್ಲಿ ನಿಲ್ಲದಂಥ ಕಾರು ಮನೆಯಲ್ಲಿಟ್ಟುಕೊಂಡು ಹೆಂಡತಿ ಬಸ್ಸಿನಲ್ಲಿ ಹುಳ ತಂದರೆ ಜನ ಏನೆಂದಾರು ಎಂದರು. ಕಾರಿನಲ್ಲೇ ಹೋದರೆ ಭಾವ ಕೊಟ್ಟ ಮಾತು ಉಳಿಯುತ್ತದೆ ಎಂದು ಅಕ್ಕನೂ ಒಪ್ಪಿದಳು. ಬೆಳಿಗ್ಗೆ ಕಾರು ತೊಳೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು, ದಾರಿಯಲ್ಲಿ ಸಿಕ್ಕ ಸಿಕ್ಕವರಿಗೆ ಟಿಕ್ ಟಿಕ್ ಕೇಳಿಸಿ ನಾವು ಅಲ್ಲಿ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ವಾಪಸು ಬರುವಾಗ ಅಕ್ಕ, ನಾನು ಹಿಂದಿನ ಸೀಟಿನಲ್ಲಿ. ನಮ್ಮ ತೊಡೆಯ ಮೇಲೂ ನಡುವೆಯೂ ಹುಳುವಿನ ತಟ್ಟೆ. ಬಿಸಿಗಾಳಿ ತಾಗಬಾರದೆಂದು ಕಿಟಕಿ ಗಾಜು ಏರಿಸಿದ್ದೆವು. ಬೆನ್ನ ಹಿಂದೆ ಪಂಪು ಟಿಕ್ಕೆನ್ನುತ್ತಿತ್ತು. ಕನಕಪುರ ದಾಟುವ ಹೊತ್ತಿಗೆ ಅಕ್ಕನ ಮೂಗು ಅರಳಿತು.

"ಪೆಟ್ರೋಲ್ ವಾಸ್ನೆ ಬತ್ತಾ ಐತೆ. ಒಸಿ ನಿಲ್ಸಿ, ಹುಳಾವ ಕೆಳಿಕ್ಕೆ ಇಳಿಸ್ಬುಡ್ತೀನಿ" ಎಂದಳು.

"ಹೊಸಾ ಪಂಪು ಕಣೆ, ಒಸಿ ವಾಸ್ನೆ ಇದ್ದೇ ಇರ್ತದೆ. ಈ ಕಾರು ಇನ್ ನಿಲ್ಲಾಕಿಲ್ಲ. ಮರಳವಾಡಿ ಬಾಗ್ಲಗೇ ನಿಲ್ಲೋದು" ಎಂದರು ಭಾವ.

ನಾನು ಗಾಜು ಇಳಿಸಿದೆ. ಬಿಸಿಗಾಳಿ ಒಲೆಯ ಬಾಯಿಂದ ಬಂದ ಹಾಗೆ ಬಂದು ತಟ್ಟೆಯ ಮೇಲಿನ ಬಟ್ಟೆಯನ್ನು ಒಣಗಿಸತೊಡಗಿತು. ವಾಸನೆ ಹೋಗಲಿಲ್ಲ, ಗಂಟಲು ಉರಿಯುತ್ತಿತ್ತು. ನಿಲ್ಲಿಸಿ ಬಾವ ಎಂದು ನಾನೂ ಕೂಗಿದೆ. ಅಕ್ಕ ಮತ್ತೆ ಮತ್ತೆ ಕೇಳಿಕೊಂಡಳು. ಮೊದಲು ಗಂಡನನ್ನು ಕೇಳುವ ಹಾಗೆ ಕೇಳಿದಳು, ಕೊನೆಕೊನೆಗೆ ದೇವರನ್ನು ಕೇಳುವ ಹಾಗೆ. ಭಾವ ಏರುಗಳನ್ನು ಎಣಿಸುತ್ತಿದ್ದರು. ಇಲ್ಲಿ ನಿಂತಿತ್ತು, ಈಗ ನೋಡು. ಅಲ್ಲಿ ನಿಂತಿತ್ತು, ಈಗ ನೋಡು. ಹಿಂದೆ ತಮ್ಮನ್ನು ನೋಡಿ ನಕ್ಕವರ ಊರುಗಳ ಮುಂದೆ ಹಾರ್ನ್ ಬಾರಿಸಿಕೊಂಡು ಹೋದರು. ಆ ಮನುಷ್ಯನಿಗೆ ಬ್ರೇಕು ತುಳಿಯುವುದೆಂದರೆ ಸೋಲು. ಒಂದು ಮರದ ನೆರಳು, ಒಂದು ಗಳಿಗೆ... ಅಷ್ಟೇ ಅಕ್ಕ ಕೇಳಿದ್ದು.

ಮನೆಯ ಮುಂದೆ ಇಳಿದಾಗ ಡಿಕ್ಕಿಯ ತಗಡಿನ ಮೇಲೆ ಪೆಟ್ರೋಲು ನಿಂತಿತ್ತು. ರೇಷ್ಮೆ ದಾರ ಒದ್ದೆಯಾಗಿ ಒಂದೊಂದೇ ಹನಿ ಉದುರಿಸುತ್ತಿತ್ತು. ಅಕ್ಕ ಅದನ್ನು ನೋಡಲೂ ಇಲ್ಲ. ಅಂಥ ಹೊತ್ತಿನಲ್ಲೂ ಬಾಗಿಲಲ್ಲಿ ಕಾಲು ತೊಳೆದು, ಸುಣ್ಣ ತುಳಿದು, ತಟ್ಟೆಗಳನ್ನು ಒಳಗೆ ಒಯ್ದಳು. ಬಟ್ಟೆ ತೆಗೆದರೆ ಹುಳುಗಳು ತಲೆ ಎತ್ತಿ ಅತ್ತಿತ್ತ ತೂಗುತ್ತಿದ್ದವು. ಬಾಯಲ್ಲಿ ಹಸಿರು ನೀರು. ಎಳೆಯ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಮೇಲೆ ಉದುರಿಸಿ ಕಾದಳು. ಭಾವ ಹೊಸ್ತಿಲಲ್ಲಿ ನಿಂತು ಇಣುಕಿ, ಜ್ವರಕ್ಕೆ ಕೂತವೆ ಬುಡು ಎಂದರು. ಇಪ್ಪತ್ತು ವರ್ಷ ಹುಳು ಸಾಕಿದವಳಿಗೆ, ಒಂದು ದಿನವೂ ಕಾಲು ತೊಳೆದು ಒಳಗೆ ಬಾರದವರು, ಜ್ವರ ಯಾವುದೆಂದು ಹೇಳಿಕೊಟ್ಟರು.

ಅಕ್ಕ ಅವರ ಕಡೆ ತಿರುಗಲಿಲ್ಲ. ನನಗೆ ಹೇಳಿದಳು. "ಹುಳಾ ಸೊಪ್ ಮುಟ್ಟಾಕಿಲ್ಲ ಕಣಮ್ಮಿ. ಕಕ್ಕೊತಾ ಅವೆ."

ಸಂಜೆಯೊಳಗೆ ಎಲ್ಲ ಮುಗಿಯಿತು. ಅಕ್ಕ ತಟ್ಟೆಗಳನ್ನು ಹಿತ್ತಿಲ ಗುಂಡಿಗೆ ಹಾಕಿ ಸುಣ್ಣ ಸುರಿದಳು. ಭಾವ ಜಗಲಿಯ ಮೇಲೆ ಕೂತು, ಚಾಕಿ ಕೊಟ್ಟವರೇ ರೋಗದ ಹುಳ ಕೊಟ್ಟು ಮೋಸ ಮಾಡಿದರು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಮೈ ಉರಿಯಿತು. ಡಿಕ್ಕಿ ತೆಗೆದು ತೋರಿಸಿ, ಕೊಂದಿದ್ದು ನೀವು ಬಾವ, ನಿಮ್ಮ ಬುದ್ಧಿ ಎಂದೆ. ಅವರು ನನ್ನನ್ನು ನೋಡಿ, ಪಂಪಿನ ತಪ್ಪೇನಿದೆ, ಕಾರು ಎಲ್ಲಾದರೂ ನಿಂತಿತಾ ಎಂದು ಕೇಳಿದರು. ನಾನೇ ದಡ್ಡಿಯೇನೋ ಎನ್ನುವ ಹಾಗಿತ್ತು ಆ ಮುಖ. ಇವತ್ತಿಗೂ ಆ ಮುಖ ನೆನೆದರೆ...

ಇಷ್ಟಕ್ಕೇ ಮುಗಿದಿದ್ದರೆ ಅಕ್ಕ ಮತ್ತೆ ಎದ್ದು ನಿಲ್ಲುತ್ತಿದ್ದಳು. ಬೆಳೆ ಹೋಗುವುದು ಹುಳು ಸಾಕುವವರಿಗೆ ಹೊಸದಲ್ಲ. ಹೊಸ ಸೊಪ್ಪು ಬರುವವರೆಗೆ ಮನೆ ಖಾಲಿ ತಾನೆ ಎಂದು ಭಾವ ಬಾಗಿಲ ಗೋಡೆ ಒಡೆಸಿ ಕಾರನ್ನು ಒಳಗೆ ನಿಲ್ಲಿಸಿಬಿಟ್ಟರು. ಅಕ್ಕ ತವರಿಗೆ ಬಂದು ಎರಡು ದಿನ ಉಳಿದಿದ್ದ ಸಮಯ ನೋಡಿ ಮಾಡಿದ ಕೆಲಸ ಅದು. ಕಾರು ನಿಲ್ಲದಿದ್ದರೆ ತಂಟೆಗೆ ಬರುವುದಿಲ್ಲ ಎಂದಿದ್ದಿರಲ್ಲ ಎಂದು ಅವಳು ಕೇಳಿದರೆ, ಅದು ಹುಳ ಇದ್ದಾಗಿನ ಮಾತು ಎಂದರು. ಬಿಸ್ಕತ್ತಿನ ತಗಡಿನ ಸಂದಿನಿಂದ ಇಂಜಿನ್ ಎಣ್ಣೆ ತೊಟ್ಟಿಕ್ಕುತ್ತಿತ್ತು, ಡಿಕ್ಕಿಯಿಂದ ಪೆಟ್ರೋಲು. ಸಗಣಿ ಸಾರಿಸಿದ ನೆಲ ಎರಡನ್ನೂ ಕುಡಿಯಿತು. ಸೊಪ್ಪು ಚಿಗುರಿದಾಗ ಅಕ್ಕ ಕಾರು ಹೊರಗೆ ಹಾಕಿಸಿ, ನೆಲ ಕೆರೆದು, ಗೋಡೆಗೆ ಸುಣ್ಣ ಹೊಡೆದು, ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡಳು. ತಲೆ ಅಲ್ಲಾಡಿಸಿದಳು. ಮತ್ತೊಂದು ಸಲ ಮಾಡಿದಳು. ವಾಸನೆ ಹೋಗಿಲ್ಲವೆಂದು ಮತ್ತೆ ತಲೆ ಅಲ್ಲಾಡಿಸಿದಳು. ಆಮೇಲೆ ಕಾರು ಹೊರಗೆ ಹಾಕಿರೆಂದು ಕೇಳುವುದನ್ನೇ ಬಿಟ್ಟಳು. ಕಾರು ಒಳಗೇ ಉಳಿಯಿತು, ಸೊಪ್ಪನ್ನು ಪಕ್ಕದ ತೋಟದವರು ಕೊಯ್ದುಕೊಂಡು ಹೋಗತೊಡಗಿದರು.

ಒಂದು ಅಭ್ಯಾಸ ಮಾತ್ರ ಅವಳನ್ನು ಬಿಡಲಿಲ್ಲ. ಕಾರಿನ ಮನೆಯಾದ ಮೇಲೂ, ಸೌದೆಗೋ ಕುಡುಗೋಲಿಗೋ ಒಳಗೆ ಹೋಗಬೇಕಾದರೆ ಬಾಗಿಲಲ್ಲಿ ಕೈಕಾಲು ತೊಳೆದೇ ಹೋಗುತ್ತಿದ್ದಳು. ಬಕೆಟ್ಟು ಅಲ್ಲೇ ಇರುತ್ತಿತ್ತು. ಕಾರಿಗೆ ರೋಗ ಬಂದೀತು ಅಂತಾಳೆ ನಿಮ್ಮಕ್ಕ ಎಂದು ಭಾವ ನಗುತ್ತಿದ್ದರು. ಆ ನಗುವಿಗೆ ನಾನು ಒಂದು ಸಲವೂ ಜೊತೆಗೂಡಿಲ್ಲ.

ಅಕ್ಕ ಹೋದ ಮೇಲೆ, ತಿಥಿಯ ದಿನ, ಜನ ಊಟಕ್ಕೆ ಕೂತಿದ್ದಾಗ ನಾನು ಹಿತ್ತಿಲಿಗೆ ಬಂದೆ. ಭಾವ ಹುಳದ ಮನೆಯ ಬಾಗಿಲಲ್ಲಿ ಬಗ್ಗಿ ನಿಂತಿದ್ದರು. ಚಪ್ಪಲಿ ಬಿಟ್ಟಿದ್ದರು. ಚೊಂಬಿನಿಂದ ಕಾಲಿನ ಮೇಲೆ ನೀರು ಸುರಿದುಕೊಂಡು, ಬೆರಳ ಸಂದಿಯನ್ನೆಲ್ಲ ತಿಕ್ಕಿ ತೊಳೆದು, ಆ ಎಣ್ಣೆಯ ನೆಲಕ್ಕೆ ಕಾಲಿಟ್ಟರು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ಕಣ್ಣಲ್ಲಿ ನೀರಿತ್ತು. ನನಗೆ ಕರುಳು ಚುರ್ ಅನ್ನಲಿಲ್ಲ, ಸುಳ್ಳೇಕೆ ಹೇಳಲಿ. ಈಗ ತೊಳೆದು ಯಾರನ್ನ ಉಳಿಸುತ್ತೀರಿ ಎಂದು ಕೇಳಿ ತಿರುಗಿ ನಡೆದೆ. ಆಮೇಲೂ ಸಾಯುವವರೆಗೆ ಹಾಗೇ ತೊಳೆದುಕೊಂಡೇ ಒಳಗೆ ಹೋಗುತ್ತಿದ್ದರೆಂದು ಅಕ್ಕನ ಮಗಳು ಹೇಳುತ್ತಾಳೆ. ಹೋಗಿರಬಹುದು. ಮೊದಲೇ ತೊಳೆದಿದ್ದರೆ ಒಳಗೆ ಏನಿತ್ತೆಂದು ಗೊತ್ತಾಗುತ್ತಿತ್ತು.

ಹೋದ ವಾರ ಗುಜರಿಯವರು ಕಾರನ್ನು ಎಳೆದಾಗ ಹಳೇ ಟೈರು ನೆಲಕ್ಕೆ ಅಂಟಿಕೊಂಡಿದ್ದು ಕಿತ್ತು ಬಂತು. ಅದು ಹೋದ ಮೇಲೆ ಮನೆ ತುಂಬ ಉದ್ದವಾಗಿ ಕಂಡಿತು. ಕಿಂಡಿಗಳಿಂದ ಗಾಳಿ ಆಡುತ್ತಿತ್ತು. ಅಕ್ಕನ ಮಗಳು ಬಾಗಿಲಲ್ಲಿ ನಿಂತು ಅತ್ತಿತ್ತ ನೋಡಿದಳು. ಅವಳಿಗೂ ಹುಳು ಸಾಕುವ ಆಸೆಯಿದೆಯೆಂದು ನನಗೆ ಅವತ್ತೇ ಗೊತ್ತಾಗಿದ್ದು. ನೆಲಕ್ಕೆ ಗಾರೆ ಹಾಕಿಸಿ, ಸುಣ್ಣ ಹೊಡೆಸಿದರೆ ಆಗುತ್ತದೇನೋ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ವಾಸ್ನೆ ಹೋಗ್ಯದಾ ಚಿಕ್ಕವ್ವ, ನೋಡು."

ನಾನು ಕ್ಲಿಪ್ಪುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡೆ. ಒಂದು ಸಲ ಇದೆ ಅನ್ನಿಸಿತು. ಒಂದು ಸಲ ಇಲ್ಲ ಅನ್ನಿಸಿತು. ಮತ್ತೆ ಎಳೆದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಬಲ್ಲವಳು ಒಬ್ಬಳಿದ್ದಳು, ಹಟ್ಟಿ ಬಾಗಿಲಿನಿಂದಲೇ ಹೇಳುತ್ತಿದ್ದಳು. ನನಗೆ ಗೊತ್ತಾಗ್ತಿಲ್ಲ ಕಣವ್ವ ಎಂದೆ.